ಬೇಕಾ, ಸಾಕಾ?

ಈಚೆಗೆ ನನ್ನ ಹೆಂಡತಿಗೆ ಫೋನಿನಲ್ಲಿ ಕಾಮಿಕ್ಸ್ ಓದುವ ಹುಚ್ಚು ಹತ್ತಿದೆ. ಮೊನ್ನೆ ಸಂಜೆ ಒಂದನ್ನು ಮುಗಿಸಿ, ನನಗೂ ಓದಿಸಿ, ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಪರದೆಯ ಮೇಲೆ ಐದು ಖಾಲಿ ನಕ್ಷತ್ರಗಳು. ಎಷ್ಟು ಕೊಡಬಹುದು ಎಂದು ಅವಳ ಪ್ರಶ್ನೆ. ಸತ್ತುಹೋದ ಕಂಡಕ್ಟರನೊಬ್ಬ ಓಡುವ ಬಸ್ಸಿನಲ್ಲಿ ಟಿಕೆಟು ಕೇಳುತ್ತ ಬರುವ ಕಥೆ ಅದು. ಚಿತ್ರಗಳು ಚೆನ್ನಾಗಿವೆ ಎಂದು ನನಗೆ ತೋರಿತ್ತು. ಕನ್ನಡಕ ಹಾಕಿಕೊಂಡಿರಲಿಲ್ಲವಾದ್ದರಿಂದ ಹಾಗೆ ತೋರಿದ್ದೂ ಇರಬಹುದು. ಮೂರು ಕೊಡು ಎಂದೆ.

“ಮೂರು ಅಂದ್ರೆ ಎಂತ ಮಾರಾಯ್ರೆ? ಲಾಯ್ಕ್ ಉಂಟಾ, ಇಲ್ವಾ?”

“ಎರಡೂ ಹೌದು.”

“ಎರಡೂ ಹೇಗೆ ಆಗ್ತದೆ? ಅಷ್ಟು ಓದಿದವರಿಗೆ ಇಷ್ಟು ಹೇಳ್ಲಿಕ್ಕೆ ಆಗುದಿಲ್ವಾ?” ಎಂದವಳೇ ನಾಲ್ಕು ಒತ್ತಿ ಎದ್ದುಹೋದಳು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಮೇಜಿನ ಮೇಲೆ ಒಂದು ಹಸ್ತಪ್ರತಿ ಬಂದು ಕುಳಿತು ಆಗಲೇ ಒಂಬತ್ತು ದಿನವಾಗಿತ್ತು. ಮೂಡುಬಿದಿರೆಯಿಂದ ವನಜ ಟೀಚರ್ ಕಳಿಸಿದ್ದು. ಹೈಸ್ಕೂಲಿನಲ್ಲಿ ಮೂರು ವರ್ಷ ನನಗೆ ಕನ್ನಡ ಕಲಿಸಿದವರು. ಈಗ ಎಪ್ಪತ್ತು ದಾಟಿದ್ದಾರೆ. ಜೊತೆಗೆ ಒಂದು ಚೀಟಿ ಇತ್ತು. “ಇದು ನನ್ನ ಎರಡನೆಯ ಕಾದಂಬರಿ. ಓದಿ ನಿನ್ನ ಅಭಿಪ್ರಾಯ ಹೇಳು. ಅಚ್ಚಿಗೆ ಕೊಡುವುದೋ ಬೇಡವೋ ಆಮೇಲೆ ನೋಡುವ. ಮೊದಲನೆಯದನ್ನು ನೀನು ಮೋನಾಕನ ಲೈಬ್ರೆರಿಯಲ್ಲಿ ಓದಿದ್ದೀ. ‘ಕಡವಿನಲ್ಲಿ ಎರಡು ಕೊಡೆ.’”

ಚೀಟಿ ಓದಿ ಕುರ್ಚಿ ಎಳೆದು ಕುಳಿತೆ. ಆ ಪುಸ್ತಕ ಬರೆದವರು ವನಜ ಟೀಚರ್ ಎಂದು ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನನಗೆ ಗೊತ್ತಿರಲಿಲ್ಲ. ಹೊದಿಕೆಯ ಮೇಲೆ ಬೇರೆ ಯಾವುದೋ ಹೆಸರಿತ್ತು. ಗೊತ್ತಿದ್ದದ್ದು ಒಂದೇ ಸಂಗತಿ: ಆ ಪುಸ್ತಕದ ಹಿಂದೆ ನಾನು ಒಂದು ಮಾತು ಬರೆದಿದ್ದೆ, ಆ ಮಾತಿನಿಂದ ಪುಸ್ತಕ ಹೊಳೆಯ ಪಾಲಾಗಿತ್ತು. ಹಾಗೆಂದು ನನ್ನ ನೆನಪು. ಆ ನೆನಪನ್ನು ಎಷ್ಟು ನಂಬಬಹುದೆಂದು ಮುಂದೆ ನೀವೇ ನೋಡುವಿರಿ. ಒಂದು ಮಾತಿಗೆ ಪುಸ್ತಕ ಹೊಳೆಗೆ ಹೋಗುವುದು ಹೇಗೆ ಎಂದು ನೀವು ಕೇಳುವ ಮೊದಲೇ ಮೋನಾಕನ ವಿಷಯ ಹೇಳಿಬಿಡುತ್ತೇನೆ.

ಬಂಟ್ವಾಳ ಪೇಟೆಯಲ್ಲಿ, ಹೊಳೆಯ ಬದಿಯ ಸಾಲಿನಲ್ಲಿ, ಜವುಳಿ ಅಂಗಡಿಗೂ ಬೆಲ್ಲದ ಮಂಡಿಗೂ ನಡುವೆ ಉದ್ದನೆಯ ಒಂದು ಕೋಣೆ ಇತ್ತು. ಅದೇ ಮೋನಾಕನ ಲೈಬ್ರೆರಿ. ಅವರ ಪೂರ್ತಿ ಹೆಸರು ಮೊಯ್ದಿನ್ ಕುಂಞಿ ಎಂದು. ಹಾಗೆ ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಮನೆಯವರೊಡನೆ ಬ್ಯಾರಿ, ನಮ್ಮೊಡನೆ ತುಳು, ಪುಸ್ತಕದ ವಿಷಯ ಬಂದ ಕೂಡಲೇ ಕನ್ನಡ. “ಪುಸ್ತಕದ ಎದುರು ಅದರ ಭಾಷೆಯಲ್ಲೇ ಮಾತಾಡ್ಬೇಕು. ಇಲ್ಲದಿದ್ರೆ ನಾವು ಅದರ ಚಾಡಿ ಹೇಳ್ತಾ ಇದ್ದೇವೆ ಅಂತ ಅದು ಗ್ರಹಿಸ್ತದೆ” ಎನ್ನುತ್ತಿದ್ದರು.

ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಪೇಟೆಗೆ ಬರುವುದೆಂದರೆ ಬಂಟ್ವಾಳದವರಿಗೆ ನೆಂಟರು ಬಂದ ಹಾಗೆ. ಬರುತ್ತಾರೆಂದು ಗೊತ್ತು, ಯಾವ ದಿನವೆಂದು ಗೊತ್ತಿಲ್ಲ. ಯಾವ ಸಲ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮೋನಾಕನ ಗೋಡೆಯಲ್ಲಿ ಇದ್ದಿಲಿನ ಗೆರೆಗಳಿದ್ದವು. ಇದ್ದವೇ? ಪಕ್ಕದ ಜವುಳಿ ಅಂಗಡಿಯಲ್ಲಿ ಕಂಡದ್ದನ್ನು ನಾನು ತಂದು ಇಲ್ಲಿ ಅಂಟಿಸುತ್ತಿದ್ದೇನೋ ಏನೋ. ಐದು ಹಲಗೆಯ ಕಪಾಟುಗಳು, ಮೇಲೊಂದು ಅಟ್ಟ, ಇಷ್ಟು ನಿಜ. ಅದರಲ್ಲಿ ತೀರಾ ಕೆಳಗಿನ ಹಲಗೆ ನೆಲದಿಂದ ಒಂದು ಗೇಣು ಮೇಲೆ. ಪ್ರತಿ ಬೇಸಗೆಯ ಕೊನೆಗೆ ಮೋನಾಕನಿಗೆ ಒಂದು ಪ್ರಶ್ನೆ ಏಳುತ್ತಿತ್ತು: ಈ ಮಳೆಗಾಲ ಆ ಹಲಗೆಯಲ್ಲಿ ಯಾವ ಪುಸ್ತಕಗಳನ್ನು ಇಡುವುದು?

ಅದನ್ನು ನಿರ್ಧರಿಸುತ್ತಿದ್ದವರು ಓದುಗರಾದ ನಾವು. ಪ್ರತಿಯೊಂದು ಪುಸ್ತಕದ ಹಿಂದಿನ ರಟ್ಟಿಗೆ ಮೋನಾಕ ಒಂದು ಬಿಳಿ ಹಾಳೆ ಅಂಟಿಸಿದ್ದರು. ಪುಸ್ತಕ ಹಿಂದೆ ಕೊಡುವಾಗ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, “ಬೇಕಾ, ಸಾಕಾ?” ಇಂಥದು ಇನ್ನೂ ಬೇಕೋ, ಇಷ್ಟೇ ಸಾಕೋ ಎಂದು. ಉತ್ತರವನ್ನು ನಾವೇ ಆ ಹಾಳೆಯಲ್ಲಿ ಬರೆಯಬೇಕು. ‘ಬೇಕು’ ಹೆಚ್ಚಿದ್ದ ಪುಸ್ತಕ ಮೇಲಕ್ಕೆ, ತೀರಾ ಹೆಚ್ಚಿದ್ದರೆ ಅಟ್ಟಕ್ಕೆ. ‘ಸಾಕು’ ಹೆಚ್ಚಿದ್ದದ್ದು ಕೆಳಗಿನ ಹಲಗೆಗೆ. “ಹೊಳೆಗೆ ಹೇಗೂ ಸ್ವಲ್ಪ ಕೊಡ್ಲಿಕ್ಕೆ ಉಂಟು. ಅದು ಆರಿಸುವ ಮೊದಲು ನಾವೇ ಆರಿಸಿ ಕೊಡುವ” ಎಂಬುದು ಅವರ ನ್ಯಾಯ.

ನಿಯಮದ ಪ್ರಕಾರ ಒಂದೇ ಮಾತು ಬರೆಯಬೇಕಿತ್ತು. ಆದರೆ ನಮ್ಮ ಊರಿನವರನ್ನು ನೀವು ಬಲ್ಲಿರಿ. ಒಂದು ಮಾತಿನಲ್ಲಿ ಮುಗಿಸಿದರೆ ಆ ದಿನ ಅನ್ನ ಕರಗುವುದಿಲ್ಲ. ಬೆಳ್ತಂಗಡಿಯ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದ ಲೋಕಯ್ಯಣ್ಣ ಭೂತಪ್ರೇತಗಳ ಕಾದಂಬರಿಯನ್ನಲ್ಲದೆ ಬೇರೇನೂ ಮುಟ್ಟುತ್ತಿರಲಿಲ್ಲ. ಒಂದರ ಹಿಂದೆ ಅವರು ಬರೆದದ್ದು ನನಗೆ ಬಾಯಿಪಾಠವಿದೆ: “ದೆವ್ವ ಉಂಟು, ಆದರೆ ದೆವ್ವಕ್ಕೆ ಕೆಲಸ ಇಲ್ಲ. ಸಾಕು.” ಹೊಲಿಗೆ ಕಲಿಸುತ್ತಿದ್ದ ಲೀಲಕ್ಕ ಸಂಸಾರದ ಕಾದಂಬರಿಗಳನ್ನು ಒಯ್ಯುತ್ತಿದ್ದರು. ಅವರ ಅಳತೆಗೋಲು ಕಣ್ಣೀರು. “ಇನ್ನೂರು ಪುಟ ಆದರೂ ಅಳು ಬರಲಿಲ್ಲ. ಈರುಳ್ಳಿ ಇದಕ್ಕಿಂತ ಮೇಲು” ಎಂದು ಬರೆದು ಮೂರು ಜನ ಓದುಗರನ್ನು ಓಡಿಸಿದ್ದರು. ಪತ್ತೇದಾರಿ ಪುಸ್ತಕವೊಂದರ ಹಾಳೆಯಲ್ಲಿ ಯಾರೋ “ಕೊಂದದ್ದು ಅಡಿಗೆಯವ” ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು “ಸುಳ್ಳು, ಓದಿ ನೋಡಿ” ಎಂದಿದ್ದರು. ಓದಿ ನೋಡಿದರೆ ಆ ಪುಸ್ತಕದಲ್ಲಿ ಅಡಿಗೆಯವನೇ ಇರಲಿಲ್ಲ. ಗ್ರಹಾಂತರ ಯಾತ್ರೆಯ ಕಾದಂಬರಿಯೊಂದಕ್ಕೆ ಬಂದ ಆಕ್ಷೇಪ ಹೀಗಿತ್ತು: “ಬೇರೆ ಗ್ರಹದವರು ಇಷ್ಟು ಶುದ್ಧ ಕನ್ನಡ ಮಾತಾಡುವುದು ಹೇಗೆ? ಬಂಟ್ವಾಳದಲ್ಲಿ ನಾವೇ ಮಾತಾಡುವುದಿಲ್ಲ.”

ಮೋನಾಕ ಸ್ವತಃ ಓದುತ್ತಿದ್ದದ್ದು ಕಾಮಿಕ್ಸ್ ಮಾತ್ರ. ಗಿರಾಕಿಗಳಿಲ್ಲದ ಮಧ್ಯಾಹ್ನ ಕನ್ನಡಕವನ್ನು ಹಣೆಗೆ ಏರಿಸಿ ಪುಟ ತಿರುವುತ್ತಿದ್ದರು. ಒಮ್ಮೆ ನಾನು, ಇದೆಲ್ಲ ಮಕ್ಕಳಿಗಲ್ಲವೇ ಎಂದು ಕೇಳಿದೆ.

“ಕಾದಂಬರಿಯಲ್ಲಿ ಒಬ್ಬನಿಗೆ ಕೋಪ ಬಂತು ಅಂತ ಹೇಳ್ಲಿಕ್ಕೆ ನಾಲ್ಕು ಪುಟ ಬೇಕು ಮಾರಾಯ್ರೆ. ಇದ್ರಲ್ಲಿ ನೋಡಿ, ತಲೆಯ ಮೇಲೆ ಮೂರು ಗೆರೆ ಎಳೆದ, ಮುಗೀತು. ಬರೆಯುವವನಿಗೂ ಪುರುಸೊತ್ತು, ಓದುವವನಿಗೂ ಪುರುಸೊತ್ತು.”

ಇಂಥ ಸಭೆಗೆ ನಾನು ಎಂ.ಎ. ಓದುವ ಗರ್ವ ಹೊತ್ತು ಬಂದವನು. ವಾರವಿಡೀ ವಿಶ್ವವಿದ್ಯಾನಿಲಯದಲ್ಲಿ ದೊಡ್ಡ ದೊಡ್ಡ ಪದಗಳನ್ನು ಕಲಿತು, ಶನಿವಾರ ಬಸ್ಸಿಳಿದವನೇ ಮೋನಾಕನ ಹಾಳೆಗಳ ಮೇಲೆ ಇಳಿಸುತ್ತಿದ್ದೆ. ಪತ್ತೇದಾರಿ ಕಥೆಯಲ್ಲಿ ಅಸ್ತಿತ್ವದ ಬಿಕ್ಕಟ್ಟು ಇಲ್ಲವೆಂದೂ ಕಾಮಿಕ್ಸಿನಲ್ಲಿ ಧ್ವನಿ ಸಾಲದೆಂದೂ ಅರ್ಧ ಪುಟ ಬರೆದಿದ್ದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಮೋನಾಕ ಎಂ.ಎ.ಯವರೇ ಎಂಬುದನ್ನು ಬೇಕೆಂದೇ ಒತ್ತಿ ‘ಎಮ್ಮೆಯವರೇ’ ಎನ್ನುತ್ತಿದ್ದರು.

“ಎಮ್ಮೆಯವರೇ, ಹಾಳೆ ಇರುವುದು ಒಂದೇ. ನೀವೊಬ್ಬರೇ ಮೇಯ್ದ್ರೆ ಬಾಕಿಯವರು ಎಲ್ಲಿಗೆ ಹೋಗುವುದು? ಒಂದೇ ಮಾತು ಬರೀರಿ. ಬೇಕಾ, ಸಾಕಾ?”

ಆಮೇಲೆ ನಾನು ಒಂದೇ ಮಾತು ಬರೆಯತೊಡಗಿದೆ. ಇಲ್ಲಿಯವರೆಗೆ ನನ್ನ ನೆನಪು ಗಟ್ಟಿ ನೆಲದ ಮೇಲಿದೆ. ಇನ್ನು ಕೆಸರು.

‘ಕಡವಿನಲ್ಲಿ ಎರಡು ಕೊಡೆ’ ತೆಳ್ಳಗಿನ ಪುಸ್ತಕ, ಹಸಿರು ಹೊದಿಕೆ. ಒಬ್ಬ ಹೆಂಗಸು ದೋಣಿ ದಾಟುವ ಕಡವಿನಲ್ಲಿ ಎರಡು ಕೊಡೆ ಹಿಡಿದು ಕಾಯುತ್ತಾಳೆ. ಬರಬೇಕಾದವನು ಬರುವುದಿಲ್ಲ, ಅಥವಾ ಬರುತ್ತಾನೆ, ಅವಳು ಗುರುತಿಸುವುದಿಲ್ಲ. ನಾನು ಅದನ್ನು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದೆ. ಹಿಂದೆ ಕೊಡುವಾಗ ‘ಸಾಕು’ ಎಂದು ಬರೆದೆ. ಆ ವರ್ಷ ನೆರೆ ಬಂತು. ಕೆಳಗಿನ ಹಲಗೆಯ ಪುಸ್ತಕಗಳೆಲ್ಲ ಹೋದವು. ಆ ಹಸಿರು ಪುಸ್ತಕವನ್ನು ಮತ್ತೆ ಎಲ್ಲಿಯೂ ನೋಡಲಿಲ್ಲ.

ಕಷ್ಟ ಇರುವುದು ಇಲ್ಲೇ. ನಮ್ಮ ಕಡೆ ‘ಸಾಕು’ ಎಂಬುದು ಒಂದು ಮಾತಲ್ಲ, ಎರಡು. ನಾವು ಮನಸ್ಸಿನಲ್ಲಿ ತುಳುವಿನಲ್ಲಿ ‘ಯಾವು’ ಎಂದುಕೊಂಡು, ಕಾಗದಕ್ಕೆ ಇಳಿಸುವಾಗ ಕನ್ನಡದಲ್ಲಿ ‘ಸಾಕು’ ಎಂದು ಬರೆಯುವ ಜನ. ಊಟದ ಎಲೆಗೆ ಕೈ ಅಡ್ಡ ಹಿಡಿದು “ಯಾವು, ಯಾವೂ” ಎಂದರೆ ಹೊಟ್ಟೆ ತುಂಬಿತು, ಇನ್ನೇನೂ ಬೇಡುವಂತಿಲ್ಲ ಎಂದು. ಬಸ್ಸಿನಲ್ಲಿ ಪಕ್ಕದವನ ಬೊಗಳೆ ತಾಳಲಾರದೆ “ಯಾವು ಮಾರಾಯ” ಎಂದರೆ ಬಾಯಿ ಮುಚ್ಚು ಎಂದು. ಬಾಯಲ್ಲಿ ಹೇಳಿದರೆ ಯಾರಿಗೂ ಗೊಂದಲವಿಲ್ಲ, ರಾಗದಲ್ಲೇ ತಿಳಿಯುತ್ತದೆ. ಕಾಗದಕ್ಕೆ ರಾಗವಿಲ್ಲ.

ಹಾಗಾದರೆ ನಾನು ಬರೆದದ್ದು ಯಾವ ಸಾಕು? ನನ್ನಲ್ಲಿ ಎರಡು ನೆನಪುಗಳಿವೆ, ಎರಡೂ ಒಂದೇ ಬಣ್ಣದವು. ಒಂದರಲ್ಲಿ ನಾನು ಕೊನೆಯ ಪುಟ ಮುಗಿಸಿ, ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದೇನೆ. ಇನ್ನೊಂದರಲ್ಲಿ ಹಾಸ್ಟೆಲಿನ ಗೆಳೆಯರ ಎದುರು “ಒಂದು ಕೊಡೆಯಲ್ಲಿ ಮುಗಿಯುವ ಕಥೆಗೆ ಎರಡು ಕೊಡೆ” ಎಂದು ಹಾಸ್ಯ ಮಾಡಿ ನಗಿಸುತ್ತಿದ್ದೇನೆ. ಎರಡೂ ನಿಜವಿರಬಹುದು. ಒಂದು ನಿಜವಿದ್ದು, ಇನ್ನೊಂದನ್ನು ನಾಚಿಕೆ ಆಮೇಲೆ ಹೆಣೆದಿರಬಹುದು. ನೆನಪು ಎಂಬುದು ಪುರಾವೆಯಲ್ಲ, ಅದೂ ಒಂದು ಕಥನ ಎಂದು ವಿಶ್ವವಿದ್ಯಾನಿಲಯ ನನಗೆ ಕಲಿಸಿತ್ತು. ಆ ಪಾಠವನ್ನು ಇತರರ ನೆನಪುಗಳ ಮೇಲೆ ಪ್ರಯೋಗಿಸಿದಾಗ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಟೀಚರ್ ಕಳಿಸಿದ ಹಸ್ತಪ್ರತಿಯ ಮೊದಲ ಪುಟ ತಿರುವಲು ಕೈ ಬರಲಿಲ್ಲ. ಮೊದಲನೆಯ ಪುಸ್ತಕದ ನಂತರ ಅವರು ಇಷ್ಟು ವರ್ಷ ಏನೂ ಬರೆದಿಲ್ಲವೆಂದರೆ ಅದಕ್ಕೆ ಕಾರಣ ನಾನೇ ಎಂಬ ಯೋಚನೆ ತಲೆಗೆ ಹೊಕ್ಕಿತು. ಹೊಕ್ಕದ್ದು ಹೊರಡಲಿಲ್ಲ. ಹತ್ತನೆಯ ದಿನ ಮೋನಾಕನನ್ನು ಹುಡುಕಿಕೊಂಡು ಮೆಲ್ಕಾರಿಗೆ ಹೋದೆ.

ಲೈಬ್ರೆರಿ ಮುಚ್ಚಿ ಎಷ್ಟೋ ಕಾಲವಾಯಿತು. ಮೋನಾಕ ಈಗ ಅಳಿಯನ ಚಪ್ಪಲಿ ಅಂಗಡಿಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕುಳಿತು, ಬಂದ ಗಿರಾಕಿಗಳ ಕಾಲು ನೋಡಿ ಅಳತೆ ಹೇಳುತ್ತಾರಂತೆ. ಹತ್ತರಲ್ಲಿ ಎಂಟು ಸರಿಯಿರುತ್ತದಂತೆ. ನನ್ನನ್ನು ಕಂಡವರೇ ಮೊದಲು ನೋಡಿದ್ದು ನನ್ನ ಕಾಲನ್ನು.

“ಎಂಟು. ಅಲ್ಲ, ಎಮ್ಮೆಯವರು! ಬನ್ನಿ, ಕೂತ್ಕೊಳ್ಳಿ. ಗೊರಸಿಗೆ ಚಪ್ಪಲಿ ಬೇಕಾ?”

ಕುಶಲ ಮುಗಿಸಿ, ಚಹಾ ತರಿಸಿಕೊಂಡು, ಹಸಿರು ಪುಸ್ತಕದ ಮಾತೆತ್ತಿದೆ.

“ಟೀಚರ್ ಬರೆದದ್ದು ಅಂತ ನಿಮಗೆ ಗೊತ್ತಿತ್ತಾ ಮೋನಾಕ?”

“ಅವರೇ ತಂದು ಕೊಟ್ಟದ್ದಲ್ವಾ? ಯಾರಿಗೂ ಹೇಳ್ಬೇಡಿ, ಜನ ಎಂತ ಹೇಳ್ತಾರೆ ನೋಡುವ ಅಂದ್ರು. ನಾನು ಇವತ್ತಿನವರೆಗೆ ಹೇಳ್ಲಿಲ್ಲ. ಈಗ ನೀವೇ ಹೇಳಿದ್ದು, ಅದು ನನ್ನ ತಪ್ಪಲ್ಲ.”

“ನಾನು ಅದಕ್ಕೆ ಸಾಕು ಅಂತ ಬರೆದದ್ದು ಹೌದಾ?”

“ಹೌದು. ಬರೆದದ್ದು ಸಾಕು. ಆದರೆ ನೀವು 'ಸಾಕು ಮೋನಾಕ' ಅಂತ ಬಾಯಲ್ಲಿ ಹೇಳಿದ್ದು ಬೇರೆ ರಾಗದಲ್ಲಿ. ಹೊಟ್ಟೆ ತುಂಬಿದವನ ಹಾಗೆ. ಪುಸ್ತಕ ಕೊಡ್ಲಿಕ್ಕೆ ಕೈ ಬರದೆ ಎರಡು ಸಲ ಹಿಂದೆ ತೆಕ್ಕೊಂಡಿದ್ರಿ.”

ಎದೆಯ ಮೇಲಿಂದ ಒಂದು ಚೀಲ ಇಳಿಸಿದ ಹಾಗಾಯಿತು. ಮರುಕ್ಷಣವೇ ಸಂಶಯ ಎದ್ದಿತು. “ಹಾಗಾದ್ರೆ ಪುಸ್ತಕವನ್ನು ಕೆಳಗೆ ಯಾಕೆ ಇಟ್ಟದ್ದು?”

“ಅದು ಬೇರೆ, ಇದು ಬೇರೆ. ಒಟ್ಟು ನಾಲ್ಕೇ ಜನ ಓದಿದ್ದು. ಎರಡು ಬೇಕು, ಎರಡು ಸಾಕು. ನಿಮ್ಮದು ಕೊನೆಯದ್ದು. ಸಮ ಆದ್ರೆ ಕೆಳಗೆ ಅಂತ ನಿಯಮ. ರಾಗ ನೋಡಿ ಇಡ್ಲಿಕ್ಕೆ ಹೋದ್ರೆ ಅಟ್ಟ ಕುಸಿದು ಬೀಳ್ತಿತ್ತು ಮಾರಾಯ್ರೆ.”

“ಟೀಚರ್ ಆ ಹಾಳೆ ನೋಡಿದ್ರಾ?”

“ಮಳೆ ಹಿಡಿಯುವ ಮೊದಲು ಬಂದಿದ್ರು. ನೋಡಿದ್ರು. ಎಂತದೂ ಹೇಳ್ಲಿಲ್ಲ. ಪುಸ್ತಕವನ್ನು ವಾಪಸು ಕೊಟ್ಟು, ಕೆಳಗಿನ ಹಲಗೆಯಲ್ಲಿ ಎಲ್ಲಿಡ್ತೇನೆ ಅಂತ ನಿಂತು ನೋಡಿ ಹೋದ್ರು.”

ನಾನು ಅರ್ಧ ಚಹಾವನ್ನು ಹಾಗೇ ಬಿಟ್ಟೆ. ಮೋನಾಕ ಹೇಳಿದ ರಾಗದ ಮಾತಾದರೂ ನಿಜವೇ? ಒಬ್ಬ ಗಿರಾಕಿಯನ್ನೂ ಮುಖ ಸಣ್ಣ ಮಾಡಿ ಕಳಿಸದ ಮನುಷ್ಯ ಅವರು. ಎಂಟು ಹಿಡಿಯದ ಕಾಲಿಗೆ ಎಂಟೇ ಸರಿ ಎಂದು ಹೇಳಿ ಸಂತೋಷಪಡಿಸಬಲ್ಲವರು. ನನ್ನ ಮುಖ ನೋಡಿ ಅದಕ್ಕೆ ಹಿಡಿಸುವ ನೆನಪನ್ನು ಡಬ್ಬಿಯಿಂದ ತೆಗೆದು ಕೊಟ್ಟರೋ? ಕೇಳಲು ಧೈರ್ಯವಾಗಲಿಲ್ಲ.

ಮಾರನೆಯ ದಿನ ಬಿ.ಸಿ. ರೋಡಿನಿಂದ ಸಿದ್ದಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಹೊಂದಿಸಿದೆ. ಬಾಗಿಲು ತೆರೆದ ಟೀಚರನ್ನು ಕಂಡೊಡನೆ ಹೊಂದಿಸಿದ್ದೆಲ್ಲ ಕಲಸಿಹೋಯಿತು.

“ಓದಿ ಆಯ್ತಾ?”

“ಇಲ್ಲ ಟೀಚರ್. ಶುರು ಮಾಡ್ಲಿಲ್ಲ.”

“ಮತ್ತೆ ಎಂತಕ್ಕೆ ಬಂದದ್ದು? ಹೋಮ್‌ವರ್ಕ್ ಮಾಡದೆ ಕ್ಲಾಸಿಗೆ ಬರುವ ಅಭ್ಯಾಸ ಇನ್ನೂ ಬಿಡ್ಲಿಲ್ವಾ ನೀನು?”

ನಿಂತುಕೊಂಡೇ ಹೇಳಿಬಿಟ್ಟೆ. “ಆ ಪುಸ್ತಕದ ಹಿಂದೆ ಸಾಕು ಅಂತ ಬರೆದದ್ದು ನಾನು ಟೀಚರ್.”

“ಗೊತ್ತುಂಟು.”

“ಹೇಗೆ ಗೊತ್ತು?”

“ಮೂರು ವರ್ಷ ನಿನ್ನ ಕಾಪಿ ಪುಸ್ತಕ ತಿದ್ದಿದ್ದೇನೆ. ನಿನ್ನ ‘ಕು’ವಿನ ಕೊಂಬು ಯಾವತ್ತೂ ಗೆರೆ ದಾಟಿ ಕೆಳಗೆ ಹೋಗ್ತದೆ. ಎಷ್ಟು ಕೆಂಪು ಶಾಯಿ ಖರ್ಚು ಮಾಡಿದ್ರೂ ಅದು ಮೇಲೆ ಬರ್ಲಿಲ್ಲ. ಕೂತ್ಕೋ.”

ಕುಳಿತೆ. ಅವರು ಒಳಗಿಂದ ಚಹಾ, ಅವಲಕ್ಕಿ ತಂದಿಟ್ಟರು. ನನ್ನ ಒಂದು ಮಾತಿನಿಂದಾಗಿ ನೀವು ಬರೆಯುವುದನ್ನೇ ಬಿಟ್ಟಿರಿ ಎಂದು ನಾನು ಬಹಳ ಭಾರದ ಧ್ವನಿಯಲ್ಲಿ ಹೇಳಿದೆ. ಟೀಚರ್ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಎಂತ ಅಹಂಕಾರ ಮಾರಾಯ ನಿನಗೆ! ನನ್ನ ಅಮ್ಮ ಹಾಸಿಗೆ ಹಿಡಿದದ್ದು ನಿನ್ನಿಂದವಾ? ವರ್ಷ ವರ್ಷ ರಾಶಿ ರಾಶಿ ಪೇಪರ್ ತಿದ್ಲಿಕ್ಕೆ ಬಂದದ್ದು ನಿನ್ನಿಂದವಾ? ನನ್ನ ಉದಾಸೀನವೂ ನಿನ್ನದೇ ಸಾಧನೆಯಾ?” ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಗು ನಿಂತ ಧ್ವನಿಯಲ್ಲಿ, “ಒಂದು ವರ್ಷ ನಿನ್ನಿಂದ. ಅದು ಹೌದು” ಎಂದರು.

ಮೂವತ್ತು ವರ್ಷ ಎಂದಿದ್ದರೆ ನಾನು ಸಂಶಯಪಡಬಹುದಿತ್ತು. ಅಷ್ಟು ದೊಡ್ಡ ಅಪರಾಧ ಸಾಮಾನ್ಯವಾಗಿ ಕಥೆಗಳಲ್ಲಿ ಮಾತ್ರ ಇರುತ್ತದೆ. ಒಂದು ವರ್ಷ ಎಂದರೆ ಎಣಿಸಿ, ತೂಗಿ ಹೇಳಿದ್ದು. ಅದನ್ನು ನಂಬದೆ ಉಪಾಯವಿರಲಿಲ್ಲ.

“ಅದನ್ನು ನೀವು ಹೇಗೆ ಅರ್ಥ ಮಾಡಿದ್ರಿ ಟೀಚರ್? ಹೊಟ್ಟೆ ತುಂಬಿದ ಸಾಕಾ, ಬಾಯಿ ಮುಚ್ಚು ಎನ್ನುವ ಸಾಕಾ?”

“ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು. ಪೆನ್ನು ಹಿಡಿದ್ರೆ ಎರಡನೆಯದ್ದು. ದಾರಿಯಲ್ಲಿ ನಿನ್ನನ್ನು ನಿಲ್ಲಿಸಿ ಕೇಳುವ ಅಂತ ಎಷ್ಟು ಸಲ ಗ್ರಹಿಸಿದೆ. ಕೇಳಿದ್ರೆ ಬರೆದವಳು ನಾನು ಅಂತ ಗೊತ್ತಾಗ್ತದಲ್ಲ.” ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನು ನೇರ ನೋಡಿದರು. “ಈಗ ಕೇಳ್ಬಹುದು. ನೀನು ಬರೆದದ್ದು ಯಾವುದು?”

ಮೋನಾಕ ಕೊಟ್ಟ ರಾಗ ನಾಲಿಗೆಯ ತುದಿಯಲ್ಲೇ ಇತ್ತು. ಹೊಟ್ಟೆ ತುಂಬಿದ್ದು ಟೀಚರ್, ಎಂದರೆ ಮುಗಿಯುತ್ತಿತ್ತು. ಅವರಿಗೂ ಸಮಾಧಾನ, ನನಗೂ ಸಮಾಧಾನ. ಅದು ನಿಜವೂ ಇರಬಹುದಲ್ಲ.

“ನನಗೆ ನೆನಪಿಲ್ಲ ಟೀಚರ್” ಎಂದೆ.

“ನೆನಪಿಲ್ವಾ?”

“ಇಲ್ಲ.”

ಅವರು ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಮತ್ತೆ ಕೇಳಿದ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದವರು ಕೇಳುವ ಹಾಗಿತ್ತು. “ಹಾಗಾದ್ರೆ ನಾನು ಇನ್ನು ಯಾರ ಹತ್ರ ಕೇಳುವುದು?”

ಹೊರಡುವಾಗ ಟೀಚರ್ ಗೇಟಿನವರೆಗೆ ಬಂದರು. “ಈ ಸಲ ಹಾಗೆ ಮಾಡ್ಬೇಡ. ಓದು. ಎಂತ ಅನಿಸ್ತದೋ ಅದನ್ನು ಪೂರ್ಣ ವಾಕ್ಯದಲ್ಲಿ ಹೇಳು. ಹೊಗಳ್ಲಿಕ್ಕೆ ನನ್ನ ಹಳೆ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಬುಧವಾರ ಪ್ರೆಸ್ಸಿನವ ಬರ್ತಾನೆ, ಅದಕ್ಕಿಂತ ಮೊದಲು ಹೇಳು. ಸರಿ ಇಲ್ಲದಿದ್ರೆ ಕೊಡುವುದಿಲ್ಲ. ಎರಡನೇ ಸಲ ಕೆಳಗಿನ ಹಲಗೆಯ ಎದುರು ನಿಂತು ನೋಡ್ಲಿಕ್ಕೆ ನನಗೆ ಆಗುದಿಲ್ಲ.”

ಚೀಲದಲ್ಲಿ ಒಯ್ದಿದ್ದ ಹಸ್ತಪ್ರತಿ ತೆಗೆದು ಅಂದೇ ಬಸ್ಸಿನಲ್ಲಿ ಓದಲು ತೊಡಗಿದೆ. ಮಡಂತ್ಯಾರಿನ ಸಣ್ಣ ಮುದ್ರಣಾಲಯವೊಂದರಲ್ಲಿ ಅಕ್ಷರದ ಮೊಳೆ ಜೋಡಿಸುವ ಹೆಂಗಸೊಬ್ಬಳ ಕಥೆ. ದಿನವೂ ಕಂಡವರ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳ ಕಾಗದಗಳಿಗೆ ಅಕ್ಷರ ಜೋಡಿಸುತ್ತಾಳೆ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಓದಿ ಓದಿ, ಊರಿನವರ ಸುಖದುಃಖಗಳೂ ಅವಳಿಗೆ ಹಿಂದುಮುಂದಾಗಿ ಕಾಣತೊಡಗುತ್ತವೆ. ನೂರು ಪುಟ ಕಳೆದದ್ದು ನನಗೆ ಗೊತ್ತಾಗಲಿಲ್ಲ. ನಡುವೆ ಒಂದು ಅಧ್ಯಾಯ ಬಹಳ ಎಳೆದಿತ್ತು, ಅಂಚಿನಲ್ಲಿ ಹಾಗೆಂದು ಬರೆದೆ. ಆಮೇಲೆ ನೂರ ಮೂವತ್ತೇಳನೆಯ ಪುಟ ಬಂತು.

ಆ ಪುಟದಲ್ಲಿ ಅವಳು ಯಾರೋ ಅಪರಿಚಿತರ ಮದುವೆಯ ಕಾಗದ ಜೋಡಿಸುತ್ತಿದ್ದಾಳೆ. ನಮ್ಮ ಕಡೆಯ ಕಾಗದಗಳಲ್ಲಿ ‘ಸುಖಾಗಮನ ಬಯಸುವವರು’ ಎಂದು ಅಜ್ಜನಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಹೆಸರಿನ ಸಾಲು ಇರುತ್ತದಲ್ಲ, ಅದರ ಕೊನೆಗೆ ಅವಳು ತಾನಾಗಿಯೇ ಒಂದು ಹೆಸರು ಸೇರಿಸುತ್ತಾಳೆ: ಕಮಲಾಕ್ಷಿ. ಎರಡು ಮನೆಗಳಲ್ಲಿಯೂ ಆ ಹೆಸರಿನವರು ಇಲ್ಲ. ಗಂಡಿನ ಕಡೆಯವರು ಹೆಣ್ಣಿನ ಕಡೆಯವಳು ಎಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳು ಎಂದು. ಕಾಗದ ಹಂಚಿಹೋಗುತ್ತದೆ, ಮದುವೆ ನಡೆಯುತ್ತದೆ. ಕಮಲಾಕ್ಷಿ ಯಾರೆಂದು ಕಾದಂಬರಿ ಕೊನೆಯವರೆಗೂ ಹೇಳುವುದಿಲ್ಲ.

ಮೂರು ಸಲ ಓದಿದೆ. ಮಂಗಳವಾರ ಬೆಳಿಗ್ಗೆ ಟೀಚರಿಗೆ ಫೋನು ಮಾಡಿದೆ.

“ಟೀಚರ್, ಅವಳು ಕಮಲಾಕ್ಷಿ ಅಂತ ಯಾಕೆ ಸೇರಿಸಿದ್ದು?”

“ನಿನಗೆ ಎಂತ ಅನಿಸ್ತದೆ?”

“ಮೊದಲು, ಅವಳಿಗೆ ತೀರಿಹೋದ ತಂಗಿ ಒಬ್ಬಳು ಇದ್ದಿರ್ಬೇಕು ಅಂತ ಅನಿಸಿತು. ಆಮೇಲೆ, ಅವಳದ್ದೇ ಮದುವೆ ಮೊದಲಿನ ಹೆಸರು ಅಂತ. ಈಗ ಎರಡೂ ಅಲ್ಲ ಅಂತ ಅನಿಸ್ತದೆ. ಗೊತ್ತಾಗ್ಲಿಲ್ಲ.”

“ಗೊತ್ತಾಗದಿದ್ರೆ ಅದು ನನ್ನ ತಪ್ಪು. ಒಂದು ಪುಟ ಸೇರಿಸಿ ಬಿಡಿಸಿ ಬರೀತೇನೆ.”

“ಬೇಡ ಟೀಚರ್!”

ನಾನು ಕೂಗಿದ ಜೋರಿಗೆ ಹೆಂಡತಿ ಅಡಿಗೆಮನೆಯಿಂದ ಇಣುಕಿದಳು.

“ಯಾಕೆ ಬೇಡ?”

“ಗೊತ್ತಿಲ್ಲ.”

“ಗೊತ್ತಾಗ್ಲಿಲ್ಲ ಅಂತ ದೂರು ಹೇಳುವುದೂ ನೀನೇ. ಬಿಡಿಸಿ ಹೇಳ್ತೇನೆ ಅಂದ್ರೆ ಬೇಡ ಅಂತ ಬೊಬ್ಬೆ ಹಾಕುವುದೂ ನೀನೇ. ನಿನ್ನ ತಲೆ ಸರಿ ಉಂಟಾ?”

“ಇಲ್ಲ ಟೀಚರ್. ಮೊನ್ನೆಯಿಂದ ಇಲ್ಲ. ಊಟಕ್ಕೆ ಕೂತ್ರೂ ಅವಳೇ, ಬಸ್ಸು ಹತ್ತಿದ್ರೂ ಅವಳೇ. ನಿನ್ನೆ ಮನೆಗೊಂದು ಮದುವೆ ಕಾಗದ ಬಂತು. ಯಾರ ಮದುವೆ, ಯಾವ ದಿನ ಅಂತ ನೋಡ್ಲಿಲ್ಲ, ಕೊನೆಯ ಹೆಸರು ನೋಡಿದೆ. ಅವರು ನಿಜವಾಗಿ ಆ ಮನೆಯವರಾ ಅಂತ ಯೋಚನೆ ಮಾಡ್ತಾ ಕೂತೆ. ನಡುವಿನ ಅಧ್ಯಾಯ ಉದ್ದ ಆಯ್ತು, ಅದನ್ನು ಕಡಿಮೆ ಮಾಡಿ. ಈ ಪುಟ ಮುಟ್ಟಬೇಡಿ. ಯಾಕೆ ಅಂತ ಕೇಳ್ಬೇಡಿ, ನನಗೆ ಹೇಳ್ಲಿಕ್ಕೆ ಬರುದಿಲ್ಲ.”

ಕರೆ ಕಡಿದುಹೋಯಿತೆಂದು ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಆಗ ಟೀಚರ್ ತರಗತಿಯ ಧ್ವನಿಯಲ್ಲಿ ಹೇಳಿದರು: “ಈಗ ಹೇಳಿದೆಯಲ್ಲ, ಅದನ್ನು ಇದ್ದ ಹಾಗೇ ಬರೆದು ಕಳಿಸು. ಒಂದು ಅಕ್ಷರ ಬಿಡ್ಬೇಡ.”

“ಅದು ಅಭಿಪ್ರಾಯ ಆಗ್ತದಾ ಟೀಚರ್?”

“ಅದನ್ನು ನೀನು ನೋಡುವುದು ಬೇಡ. ನಾಳೆ ಪ್ರೆಸ್ಸಿನವ ಬರ್ಲಿ. ಕೊಡ್ತೇನೆ.”

ಫೋನಿಟ್ಟು ಕಾಗದ ತೆಗೆದು ಬರೆಯಲು ಕುಳಿತೆ. “ಕಮಲಾಕ್ಷಿ ಯಾರೆಂದು ನನಗೆ ತಿಳಿಯಲಿಲ್ಲ.” ಮೊದಲ ವಾಕ್ಯ ಸುಲಭವಾಗಿ ಬಂತು. ಎರಡನೆಯದಕ್ಕೆ ಇನ್ನೂ ಕುಳಿತಿದ್ದೇನೆ.